ಕೈ ಮುಟ್ಟದ ಮೂಲೆ

ಹಳೆಯ ಕಾರು ಕೊಳ್ಳಲು ಬಂದವರು ಸಾಮಾನ್ಯವಾಗಿ ಬಾನೆಟ್ ಎತ್ತಿಸುತ್ತಾರೆ, ಟೈರಿಗೆ ಒದ್ದು ನೋಡುತ್ತಾರೆ, ಏನೂ ತಿಳಿಯದವರು ಹಾರ್ನ್ ಹೊಡೆಯುತ್ತಾರೆ. ಸಾವ್ಕಾರರು ಇದಾವುದನ್ನೂ ಮಾಡಲಿಲ್ಲ. ಡ್ರೈವರನ ಜಾಗದಲ್ಲಿ ಕುಳಿತು, ಧೋತರವನ್ನು ಸರಿಪಡಿಸಿಕೊಂಡು, ಎಡಗೈಯನ್ನು ಹಿಂದಿನ ಸೀಟಿನ ಕಡೆಗೆ ಚಾಚಿದರು. ಆ ಕೈ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಅತ್ತ ಇತ್ತ ಆಡಿತು.

"ಏನ್ ನೋಡಾಕ ಹತ್ತೀರಿ ಸಾವ್ಕಾರ್ರ?" ಎಂದೆ.

"ಹಿಂದ ಜಗಳಾ ಸುರು ಆತಂದ್ರ ನನ್ನ ಕೈ ಎಲ್ಲಿತನಕಾ ಹೋಗತೈತಿ, ಅದನ್ನ ನೋಡಾಕ ಹತ್ತೇನಿ. ಎಂಜಿನ್ ಕೆಟ್ರ ನೀವದೀರಿ. ಮಕ್ಕಳು ಕೆಟ್ರ ಯಾರದಾರ?"

ಅವರ ಕೈ ಬಲಮೂಲೆಗೆ ಮುಟ್ಟಿತು, ನಡುವೆ ಮುಟ್ಟಿತು, ಎಡಮೂಲೆಗೆ ಮಾತ್ರ ಮುಟ್ಟಲಿಲ್ಲ. ಎಷ್ಟು ತಿರುಗಿದರೂ ಒಂದು ಗೇಣು ಕಡಿಮೆಯೇ ಬಿತ್ತು.

"ಆ ಮೂಲ್ಯಾಗ ಕೂತಾಕಿ ರಾಜ್ಯಾ ಆಳ್ತಾಳ ನೋಡ್ರಿ," ಎಂದು ನಕ್ಕರು.

ಕಳೆದ ತಿಂಗಳು ಅವರು ತೀರಿಹೋದರು. ಸುದ್ದಿ ತಿಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಕೈ. ಇಳಕಲ್ಲಿನ ಸೀರೆಯ ವ್ಯಾಪಾರಸ್ಥರು ಅವರು. ಇಡೀ ಪೇಟೆ ಅವರನ್ನು ಸಾವ್ಕಾರರು ಎನ್ನುತ್ತಿತ್ತು, ನಾನೂ ಹಾಗೆಯೇ ಅನ್ನುತ್ತಿದ್ದೆ. ಹೆಸರು ಬರೆಯುವುದು ಬೇಡ. ನಾನು ಇಲ್ಲಿ ಹೇಳಬೇಕಾದ ಮಾತಿನಲ್ಲಿ ತಪ್ಪು ನನ್ನದು, ಅದಕ್ಕೆ ಅವರ ಹೆಸರೇಕೆ ತಾಗಬೇಕು?

ಎಪ್ಪತ್ತರ ದಶಕ. ನಾನು ಮ್ಯಾಟ್ರಿಕ್ ಮುಗಿಸಿ, ಬಾಗಲಕೋಟೆಯಲ್ಲಿ ಒಂದು ಗ್ಯಾರೇಜಿನ ಲೆಕ್ಕ ಬರೆದು, ಅದು ಬೇಸರವಾಗಿ ಹಳೆ ಕಾರುಗಳ ದಲಾಲಿ ಹಿಡಿದಿದ್ದೆ. ಹಳೆ ಪೇಟೆಯಲ್ಲಿ, ಈಗ ಹಿನ್ನೀರು ನಿಂತಿರುವ ಕಡೆ, ಮನೆಯ ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಒಂದು ಹಗ್ಗದ ಹೊರಸು, ಎದುರಿಗೆ ಎರಡೋ ಮೂರೋ ಗಾಡಿಗಳು. ಅದೇ ನನ್ನ ಅಂಗಡಿ. ಆಗ ನಮ್ಮ ಕಡೆ ಕಾರು ಎಂದರೆ ಎರಡೇ ಜಾತಿ, ದೊಡ್ಡದು ಮತ್ತು ಸಣ್ಣದು. ದೊಡ್ಡದೆಂದರೆ ಅಂಬಾಸಿಡರ್. ಸಾವ್ಕಾರರಿಗೆ ಆರು ಮಕ್ಕಳು. ದೊಡ್ಡ ಹುಡುಗಿಗೆ ಹನ್ನೊಂದು ವರ್ಷ, ಕೊನೆಯ ಗಂಡುಮಗು ಇನ್ನೂ ತಾಯಿಯ ತೊಡೆ ಬಿಟ್ಟಿರಲಿಲ್ಲ. ಅವರಿಗೆ ದೊಡ್ಡದೇ ಬೇಕು ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಆದರೆ ಅವರು ತೀರ್ಮಾನವನ್ನು ನನಗೂ ಬಿಡಲಿಲ್ಲ, ತಾವೂ ಇಟ್ಟುಕೊಳ್ಳಲಿಲ್ಲ.

"ಗಾಡಿ ತಗೊಳ್ಳಾಂವ ನಾ ಅಲ್ರಿ, ಮಕ್ಕಳು," ಎಂದು ಮುಂದಿನ ಭಾನುವಾರ ಇಡೀ ಮನೆಯನ್ನೇ ಬಸ್ಸಿನಲ್ಲಿ ಕರೆದುಕೊಂಡು ಬಂದರು. ಮಕ್ಕಳನ್ನು ಗಾಡಿಯೊಳಗೆ ಬಿಟ್ಟು, ತಾವು ಹೊರಸಿನ ಮೇಲೆ ಕುಳಿತು ಚಹಾ ಕುಡಿದರು. ನಾನು ಎಲೆ ಅಡಿಕೆಯ ತಟ್ಟೆ ಮುಂದಿಟ್ಟರೆ ಕೈಯಿಂದ ಸರಿಸಿದರು. "ನಮ್ಮ ಮನ್ಯಾಗ ಕೆಂಪು ಬಣ್ಣ ಸೀರಿಗೆ ಅಷ್ಟ. ಬಾಯಿಗಿಲ್ಲ." ಆಯುಷ್ಯದಲ್ಲಿ ಅವರು ಎಲೆ ಬಾಯಿಗೆ ಹಾಕಿದವರಲ್ಲ.

ಗಾಡಿಯೊಳಗೆ ಮಕ್ಕಳು ಮಾಡಿದ ಪರೀಕ್ಷೆಯನ್ನು ಯಾವ ಮಿಸ್ತ್ರಿಯೂ ಮಾಡಲಾರ. ಒಬ್ಬಳು ಸೀಟಿನ ಮೇಲೆ ಕುಣಿದಳು. ಒಬ್ಬಳು ಗಾಜನ್ನು ಇಳಿಸಿ ಏರಿಸಿ, ಏರಿಸಿ ಇಳಿಸಿ ಅದರ ಹಿಡಿಕೆಯನ್ನೇ ಕೈಯಲ್ಲಿ ತಂದು ಅಪ್ಪನಿಗೆ ಕೊಟ್ಟಳು. ಬಸ್ಸಿನಲ್ಲಿ ಸದಾ ವಾಂತಿ ಮಾಡುವ ಎರಡನೆಯವಳು ಸುಮ್ಮನೆ ಕಣ್ಣು ಮುಚ್ಚಿ ಕುಳಿತು, "ಅಪ್ಪಾ, ಇದರಾಗ ಹೊಟ್ಟಿ ಸುಮ್ನೈತಿ," ಎಂದು ವರದಿ ಒಪ್ಪಿಸಿದಳು. ಗಾಡಿ ನಿಂತೇ ಇತ್ತು ಎನ್ನುವುದು ಬೇರೆ ಮಾತು. ಮಕ್ಕಳ ತಾಯಿ, ಸಾವ್ಕಾರರ ಮನೆಯವರು, ಡಿಕ್ಕಿ ತೆಗೆಸಿ, ರೊಟ್ಟಿಬುಟ್ಟಿ, ನೀರಿನ ಕೊಡ, ಹಾಸಿಗೆ ಸುರುಳಿ ಎಲ್ಲ ಹಿಡಿಯುತ್ತದೆಯೇ ಎಂದು ನೋಡಿ ತಲೆಯಾಡಿಸಿದರು.

ಕಾರು ಬೇಕಾದ ಕಾರಣವನ್ನು ಸಾವ್ಕಾರರು ಅಂದೇ ಹೇಳಿದ್ದು. ಹಿಂದಿನ ವರ್ಷ ಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವ ಗದ್ದಲದಲ್ಲಿ ಮೂರನೆಯ ಮಗಳು ಅಲ್ಲಿಯೇ ಉಳಿದುಬಿಟ್ಟಿದ್ದಳಂತೆ. ಬಸ್ಸು ಸಾಕಷ್ಟು ದೂರ ಹೋದ ಮೇಲೆ ಗೊತ್ತಾಗಿ, ಇಳಿದು ಓಡಿಬಂದು ನೋಡಿದರೆ ಅವಳು ಶೇಂಗಾ ಮಾರುವವಳ ಪಕ್ಕದಲ್ಲಿ ಕುಳಿತು ಗಿರಾಕಿ ಕರೆಯುತ್ತಿದ್ದಳು. ಅದನ್ನು ಹೇಳಿ ನಕ್ಕರು. ನಗು ನಿಂತ ಮೇಲೆ, "ಓಡಿಬರೂವಾಗ ನನ್ನ ಎದಿಯಾಗ ಏನಾತು ಅದು ನನಗ ಗೊತ್ರಿ. ಎಲ್ಲಾರೂ ಒಂದ ಗಾಡಿಯೊಳಗ, ನನ್ನ ಕೈಯಾಗ ಇರಬೇಕು. ಅಷ್ಟ. ಈಗ ಈ ಗಾಡಿದು ಏನೇನೈತಿ ಎಲ್ಲಾ ಹೇಳಿಬಿಡ್ರಿ," ಎಂದರು.

ನಾನು ಹೇಳಿದೆ. ಹಾರ್ನಿನ ದನಿ ಬಿದ್ದಿದೆ ಎಂದೆ. ವೈಪರ್ ಒಂದು ಕಡೆ ಆಡುವುದಿಲ್ಲ ಎಂದೆ. ಎರಡನೇ ಗೇರು ಹಾಕುವಾಗ ಸ್ವಲ್ಪ ಮುನಿಯುತ್ತದೆ ಎಂದೆ. ದಲಾಲಿಯಲ್ಲಿ ನಾನು ಕಲಿತ ಮೊದಲ ವಿದ್ಯೆ ಇದೇ. ಸಣ್ಣ ದೋಷಗಳನ್ನು ತಾನಾಗಿ ಹೇಳಿದವನ ಮೇಲೆ ಗಿರಾಕಿಗೆ ಭರವಸೆ ಹುಟ್ಟುತ್ತದೆ, ದೊಡ್ಡದನ್ನು ಅವನು ಹುಡುಕುವುದಿಲ್ಲ.

ದೊಡ್ಡದು ಹಿಂದಿನ ಎಡಬಾಗಿಲಿನಲ್ಲಿತ್ತು. ಗಾಡಿಯನ್ನು ನನಗೆ ಒಪ್ಪಿಸಿ ವರ್ಗವಾಗಿ ಹೋದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಚಿಲಕ ಸವೆದಿದೆ, ರಸ್ತೆಯ ಹೊಡೆತಕ್ಕೆ ಬಿಚ್ಚಿಕೊಳ್ಳುತ್ತದೆ, ಬೇರೆ ಹಾಕಿಸದೆ ಯಾರಿಗೂ ಕೊಡಬೇಡ ಎಂದು. ಚಿಲಕ ಹುಬ್ಬಳ್ಳಿಯಿಂದ ಬರಬೇಕಿತ್ತು. ಅಷ್ಟರಲ್ಲಿ ಸಾವ್ಕಾರರು ಬೇರೆ ದಲಾಲಿಯ ಕೈಗೆ ಹೋದರೆ? ನಾನು ಸೈಕಲ್ ಟ್ಯೂಬಿನ ತುಂಡೊಂದನ್ನು ಮಡಚಿ ಚಿಲಕದ ಸಂದಿಗೆ ಹೆಟ್ಟಿದೆ. ಬಾಗಿಲು ಹೊಸ ಗಾಡಿಯದರಂತೆ ಗಟ್ಟಿಯಾಗಿ ಮುಚ್ಚಿತು. ಮಕ್ಕಳು ಅದನ್ನು ಹತ್ತಾರು ಸಲ ತೆಗೆದು ಹಾಕಿದರೂ ಏನೂ ಆಗಲಿಲ್ಲ. ಮಕ್ಕಳ ಪರೀಕ್ಷೆಯನ್ನೂ ನಾನು ಗೆದ್ದೆ.

"ಇಷ್ಟನ?" ಎಂದರು.

"ಇಷ್ಟರಿ."

"ಹಂಗಾರ ಮುಗೀತು," ಎಂದು ಎದ್ದರು.

ಈ 'ಹಂಗಾರ ಮುಗೀತು' ಅವರ ಬಾಯಲ್ಲಿ ಸದಾ ಇರುತ್ತಿತ್ತು. ಗಿರಾಕಿ ಸೀರೆ ಆರಿಸಿದರೆ ಹಂಗಾರ ಮುಗೀತು. ಮಕ್ಕಳ ಜಗಳದಲ್ಲಿ ಒಬ್ಬರು ತಪ್ಪು ಒಪ್ಪಿದರೆ ಹಂಗಾರ ಮುಗೀತು. ಒಮ್ಮೆ ಹಾಗೆಂದರೆ ಆ ವಿಷಯವನ್ನು ಮತ್ತೆ ಎತ್ತುತ್ತಿರಲಿಲ್ಲ.

ಹೊಸದಾಗಿ ಬಂದ ಗಾಡಿ ಊರಿಗೆ ಹೋಗುವ ಮೊದಲು ಬನಶಂಕರಿಗೆ ಹೋಗಬೇಕು ಎಂದು ಮನೆಯವರ ಹಟ. ದಲಾಲಿಯೂ ಜೊತೆಗೆ ಹೋಗಿ ಕಾಯಿ ಒಡೆಯುವುದು ನಮ್ಮ ಕಡೆ ರೂಢಿ. ಹೀಗಾಗಿ ನಾನೂ ಹತ್ತಿದೆ. ಹತ್ತುವ ಮೊದಲು ಸಾವ್ಕಾರರು ಶಾಲೆಯಲ್ಲಿ ಹಾಜರಿ ಹಾಕುವಂತೆ ಮಕ್ಕಳ ಹೆಸರು ಕೂಗಿದರು. ಕೊನೆಗೆ ನನ್ನ ಕಡೆ ತಿರುಗಿ "ದಲಾಲರು?" ಎಂದರು. "ಹಾಜರ್ ಅದೇನ್ರಿ," ಎಂದೆ. ಮಕ್ಕಳೆಲ್ಲ ನಕ್ಕರು.

ಹಿಂದಿನ ಸೀಟಿನಲ್ಲಿ ಮನೆಯವರು ಬಲಕ್ಕೆ, ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಸಾಲಾಗಿ ಹುಡುಗಿಯರು. ಎಡಮೂಲೆಗೆ ನಾಲ್ಕನೆಯವಳು, ಐದು ವರ್ಷದ ಕಸ್ತೂರಿ, ಮೊದಲೇ ಏರಿ ಕುಳಿತಿದ್ದಳು.

"ಸಣ್ಣಾಕಿ ನಡಕ ಬರ್ಲಿ, ಆ ಕಡೆ ನಾ ಕೂಡ್ತೇನಿ," ಎಂದೆ.

"ನಾ ಬರಂಗಿಲ್ಲ! ಇಲ್ಲೆ ಅಪ್ಪನ ಕೈ ಮುಟ್ಟಂಗಿಲ್ಲ!" ಎಂದು ಅವಳು ಸೀಟನ್ನು ಅಪ್ಪಿಕೊಂಡಳು.

"ಬಿಡ್ರಿ ದಲಾಲರ, ಅಕಿ ಗೆದ್ದ ರಾಜ್ಯಾ ಅದು," ಎಂದರು ಸಾವ್ಕಾರರು.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಗಿಲು ಸರಿ ಇಲ್ಲ ಎಂದಿದ್ದರೆ ಏನಾಗುತ್ತಿತ್ತು? ಗಾಡಿ ನನ್ನ ಅಂಗಳಕ್ಕೆ ಮರಳುತ್ತಿತ್ತು, ನಾಲ್ಕು ಜನರೆದುರು ಮುಖ ಸಣ್ಣದಾಗುತ್ತಿತ್ತು. ನಾನು ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡೆ. ನನ್ನ ಬಾಗಿಲು ಗಟ್ಟಿಯಾಗಿತ್ತು.

ಮನೆಯವರು ಮಾತ್ರ ತಮ್ಮದೇ ಒಂದು ಏರ್ಪಾಡು ಮಾಡಿದರು. ಮನೆಯಲ್ಲಿ ಕೂಸಿಗೆ ಜೋಳಿಗೆ ಕಟ್ಟುತ್ತಿದ್ದ ಹಳೆಯ ಇಳಕಲ್ ಸೀರೆಯನ್ನು ಉದ್ದಕ್ಕೆ ಮಡಚಿ, ಎಲ್ಲ ಹುಡುಗಿಯರ ಸೊಂಟದ ಮೇಲೆ ಹಾಯಿಸಿ, ಎರಡೂ ತುದಿಗಳನ್ನು ಮುಂದಿನ ಸೀಟಿನ ಕಾಲಿಗೆ ಬಿಗಿದರು. ಜೋಳದ ಸಿವುಡು ಕಟ್ಟಿದಂತೆ ಮಕ್ಕಳು ಒಂದೇ ಕಟ್ಟಾದರು.

"ಏನಿದು, ಮಕ್ಕಳ ಮಾರಾಕ ಒಯ್ಯಾಕ ಹತ್ತೀಯೇನು?" ಎಂದು ಸಾವ್ಕಾರರು ನಗಾಡಿದರು.

"ನೀವು ರಸ್ತಾ ನೋಡ್ರಿ. ಮಕ್ಕಳ ನಾ ನೋಡ್ತೇನಿ."

ಸಾವ್ಕಾರರು ಗಾಡಿ ಓಡಿಸುವುದನ್ನು ನೋಡಬೇಕಿತ್ತು. ಸೈಕಲ್ಲಿನವರು ಹಿಂದೆ ಬಂದು, ಜೊತೆಗೆ ಸ್ವಲ್ಪ ಮಾತಾಡಿ, ಮುಂದೆ ಹೋಗುತ್ತಿದ್ದರು. ಎಮ್ಮೆ ಅಡ್ಡ ಬಂದರೆ ಗಾಡಿ ನಿಲ್ಲಿಸಿ, "ಹೋಗ್ರಿ ಅವ್ವಾರ, ಮೊದಲ ನೀವು ಹೋಗ್ರಿ," ಎನ್ನುವರು. ಕೆರೂರಿನ ಬಸ್ ಸ್ಟ್ಯಾಂಡು ಬಂದಾಗ ಯಾರೂ ಇಳಿಯದಿದ್ದರೂ ನಿಲ್ಲಿಸಿ ಮತ್ತೊಮ್ಮೆ ಹಾಜರಿ ತೆಗೆದುಕೊಂಡರು. ಆಮೇಲೆ ಜೇಬಿನಿಂದ ಅಮೀನಗಡದ ಕರದಂಟು ತೆಗೆದು, ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈಯನ್ನು ಹಿಂದೆ ಚಾಚಿ ತುಂಡು ತುಂಡಾಗಿ ಹಂಚಿದರು. ಕಿವಿ ಹಿಂಡುವುದಕ್ಕೂ ಸಿಹಿ ಕೊಡುವುದಕ್ಕೂ ಅದೇ ಕೈ. ಕಸ್ತೂರಿಯ ಮೂಲೆಗೆ ಅದು ಮುಟ್ಟಲಿಲ್ಲ. ಹೊಡೆತ ಬೇಡವೆಂದು ಆರಿಸಿಕೊಂಡ ಜಾಗಕ್ಕೆ ಕರದಂಟೂ ಬರುವುದಿಲ್ಲ ಎಂದು ಅವಳಿಗೆ ಆಗ ತಿಳಿಯಿತು.

"ಬೇಕಂದ್ರ ನೀನ ಮುಂದ ಬಾಗು," ಎಂದರು ಸಾವ್ಕಾರರು. ಅವಳು ಸೀರೆಯ ಕಟ್ಟಿನೊಳಗಿಂದ ಬಾಗಿ ಇಸಿದುಕೊಂಡಳು.

ಬಾದಾಮಿ ದಾಟಿ, ಚೊಳಚಗುಡ್ಡದ ಕಡೆಗೆ ರಸ್ತೆ ಇಳಿಯುವಲ್ಲಿ ಒಂದು ತಗ್ಗು. ಗಾಡಿ ಅದರಲ್ಲಿ ಬಿದ್ದು ಎದ್ದಿತು. ಹಿಂದಿನ ಎಡಬಾಗಿಲು ರೆಕ್ಕೆಯಂತೆ ಪೂರ್ತಿ ತೆರೆದುಕೊಂಡಿತು. ಕಸ್ತೂರಿ ಹೊರಗೆ ಜಾರಿದಳು. ಅವಳ ಕಾಲು ಗಾಡಿಯ ಹೊರಗೆ, ತಲೆ ಹೊರಗೆ, ಸೊಂಟಕ್ಕೆ ಸೀರೆ. ಸೀರೆಯ ದಡಿ ಹರಿದ ಸದ್ದು ಮುಂದಿನ ಸೀಟಿನವರೆಗೆ ಕೇಳಿಸಿತು. ಆದರೆ ಕಟ್ಟು ಬಿಚ್ಚಲಿಲ್ಲ. ಅಕ್ಕಂದಿರ ಭಾರವೆಲ್ಲ ಸೇರಿ ಅವಳನ್ನು ಹಿಡಿದುಕೊಂಡಿತು.

ಗಾಡಿ ನಿಂತಿತು. ಸಾವ್ಕಾರರು ಇಳಿದು ಓಡಿ ಬರುವಷ್ಟರಲ್ಲಿ ಕಸ್ತೂರಿ ಜೋತಾಡುತ್ತಲೇ ಅಪ್ಪನನ್ನು ನೋಡಿ, "ಅಪ್ಪಾ, ಮತ್ತೊಮ್ಮಿ!" ಎಂದಳು.

ಮೊದಲು ಮನೆಯವರು ಅತ್ತರು. ಆಮೇಲೆ ನಕ್ಕರು. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದರು. ಸಾವ್ಕಾರರು ಮಗಳನ್ನು ಎದೆಗೆ ಅವಚಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದರು. ಅವರ ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಹುಬ್ಬಿಗೆ ಬಂದಿತ್ತು. ನಾನು ಬಾಗಿಲಿನ ಹತ್ತಿರ ಬಗ್ಗಿ, ನೋಡುವ ನೆವದಲ್ಲಿ, ಕೆಳಗೆ ಬಿದ್ದಿದ್ದ ಟ್ಯೂಬಿನ ತುಂಡನ್ನು ಕಾಲಿನಿಂದ ಮುಳ್ಳುಕಂಟಿಯೊಳಗೆ ತಳ್ಳಿದೆ.

ಬಾಗಿಲನ್ನು ಹಗ್ಗದಿಂದ ಬಿಗಿದು ಗುಡಿ ಮುಟ್ಟಿದೆವು. ಕಾಯಿ ಒಡೆದಾಯಿತು. ಹೊಂಡದ ದಂಡೆಯಲ್ಲಿ ಬುಟ್ಟಿ ಹೊತ್ತು ಬಂದ ಹೆಂಗಸಿನಿಂದ ಕಟಕ್ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಹಾಕಿಸಿಕೊಂಡು ಎಲ್ಲರೂ ಊಟಕ್ಕೆ ಕುಳಿತೆವು. ಸಾವ್ಕಾರರು ನನ್ನ ಪಕ್ಕದಲ್ಲಿದ್ದರು. ದನಿ ಏರಿಸದೆ ಕೇಳಿದರು.

"ದಲಾಲರ, ಖರೆ ಹೇಳ್ರಿ. ಆ ಬಾಗಲದ್ದು ನಿಮಗ ಗೊತ್ತಿತ್ತೇನು?"

"ಇಲ್ರಿ. ತಾಯಿ ಆಣಿ ಮಾಡಿ ಹೇಳ್ತೇನಿ, ಗೊತ್ತಿರಲಿಲ್ಲ." ಗುಡಿಯ ಕಡೆ ಕೈ ಮಾಡಿಯೂ ತೋರಿಸಿದೆ.

ಅವರು ನನ್ನ ಮುಖ ನೋಡಿದರು.

"ಹಂಗಾರ ಮುಗೀತು," ಎಂದು ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದರು. ಆ ರೊಟ್ಟಿಯನ್ನು ನಾನು ಹೇಗೆ ನುಂಗಿದೆನೋ.

ಮುಂದಿನ ವಾರ ಹೊಸ ಚಿಲಕ ತರಿಸಿ ನಾನೇ ನಿಂತು ಹಾಕಿಸಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಹುನಗುಂದದ ಒಬ್ಬ ವಕೀಲರು ಗಾಡಿ ಕೊಳ್ಳಲು ಬಂದು ಹೊರಸಿನ ಮೇಲೆ ಕುಳಿತವರೇ, "ಇಳಕಲ್ಲ ಸಾವ್ಕಾರ್ರು ಕಳಿಸ್ಯಾರ. ನೀವು ಸುಳ್ಳು ಹೇಳಂಗಿಲ್ಲಂತ," ಎಂದರು. ನಾನು ನನ್ನ ಹಳೆಯ ವಿದ್ಯೆ ತೆಗೆಯಲು ಬಾಯಿ ತೆರೆದೆ, ಆಗಲಿಲ್ಲ. ಗಾಡಿಯಲ್ಲಿದ್ದ ದೋಷಗಳನ್ನು ದೊಡ್ಡದರಿಂದ ಶುರುಮಾಡಿ ಹೇಳಿಬಿಟ್ಟೆ. ವಕೀಲರು ಗಾಬರಿಯಾಗಿ ಎದ್ದು ಹೋದರು. ಒಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ, "ನೀವು ಗಾಡಿ ಮಾರಾಕ ಕೂತೀರೋ, ಗಾಡಿಗೆ ಬೈಯಾಕ ಕೂತೀರೋ?" ಎಂದಳು. ಮರುದಿನ ವಕೀಲರು ಬಂದು ಅದೇ ಗಾಡಿಯನ್ನು ಒಯ್ದರು.

ಅಲ್ಲಿಂದ ಗುಳೇದಗುಡ್ಡದ ಖಣದ ವ್ಯಾಪಾರಸ್ಥರು, ಬಾದಾಮಿಯ ಮಾಸ್ತರರು, ಅವರ ಬೀಗರು, ಬೀಗರ ಬೀಗರು. ಎಲ್ಲರದೂ ಅದೇ ಮಾತು. ಹೀಗೆ ಒಂದು ಸುಳ್ಳಿನ ಮೇಲೆ ನಿಂತ ಒಳ್ಳೆಯ ಹೆಸರನ್ನು ಕಾಯಲು ನಾನು ದಿನವೂ ಖರೆ ಹೇಳಬೇಕಾಯಿತು. ಹೇಳಿ ಹೇಳಿ ಅದೇ ರೂಢಿಯಾಯಿತು. ನನ್ನ ಮನೆ ನಡೆದದ್ದು, ಮಕ್ಕಳು ಓದಿದ್ದು ಅದರಿಂದಲೇ.

ಕೆಲಸಕ್ಕೆಂದು ಇಳಕಲ್ಲಿಗೆ ಹೋದಾಗಲೆಲ್ಲ ಅವರ ಅಂಗಡಿಯ ಗಾದಿಯ ಮೇಲೆ ಕುಳಿತಿರುತ್ತಿದ್ದೆ. ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತ ಅವರು ಆ ದಿನದ ಕಥೆಯನ್ನೇ ಹೇಳುತ್ತಿದ್ದರು. "ಇಳಕಲ್ಲ ಸೀರಿ ಗಟ್ಟಿ ಅಂತ ಎಲ್ಲಾರೂ ಬಾಯಿಲೆ ಹೇಳ್ತಾರವ್ವಾ. ನಾ ಕಣ್ಣಿಲೆ ನೋಡೇನಿ. ಮಗಳು ಜೋತಾಡಿದ್ಲು, ಸೀರಿ ಬಿಡಲಿಲ್ಲ." ಹೆಂಗಸರು ಬೆರಗಾಗಿ ಸೆರಗು ಎಳೆದೆಳೆದು ನೋಡುತ್ತಿದ್ದರು. ಕೊನೆಯಲ್ಲಿ ನನ್ನ ಕಡೆ ಕೈ ತೋರಿಸಿ, "ಇವರಿಗೂ ಗೊತ್ತಿರಲಿಲ್ಲ ಪಾಪ, ಅವತ್ತ ಊಟಾನ ಸೇರಲಿಲ್ಲ," ಎನ್ನುತ್ತಿದ್ದರು. ಆ 'ಪಾಪ' ಕೇಳಿದಾಗ ನಾನು ಗಾದಿಯ ಅಂಚಿನ ದಾರ ಕೀಳುತ್ತ ಕೂರುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರ ಮಕ್ಕಳು ದೊಡ್ಡವರಾಗಿ ಗಾಡಿಯಲ್ಲಿ ಹಿಡಿಯದಂತಾದರು. ಇಬ್ಬರು ಹುಡುಗಿಯರ ಮದುವೆಯೂ ಆಗಿತ್ತು. ಸಾವ್ಕಾರರು ಆ ಗಾಡಿಯನ್ನು ಮಾರಲು ನನ್ನ ಬೇವಿನ ಮರದ ಕೆಳಗೇ ತಂದು ನಿಲ್ಲಿಸಿದರು. ಕೊಳ್ಳಲು ಬಂದವರು ಹುನಗುಂದದ ಕಡೆಯ ಒಬ್ಬ ತರುಣ ಮಾಸ್ತರರು. ಸ್ವಂತದ ಮಕ್ಕಳು, ತೀರಿಹೋದ ಅಕ್ಕನ ಮಕ್ಕಳು ಎಲ್ಲ ಸೇರಿ ಒಂದು ಸಣ್ಣ ಶಾಲೆಯೇ ಅವರ ಜೊತೆಗಿತ್ತು. ಮಕ್ಕಳು ಕೇಳದೆಯೇ ಗಾಡಿಯೊಳಗೆ ಏರಿ ಕುಣಿಯತೊಡಗಿದವು.

"ಎಂಜಿನ್ ಆಮ್ಯಾಲೆ ನೋಡ್ರಿ ಮಾಸ್ತರ," ಎಂದರು ಸಾವ್ಕಾರರು. "ಮೊದಲ ಕೂತು ಕೈ ಹಿಂದ ಚಾಚ್ರಿ."

ಮಾಸ್ತರರು ಚಾಚಿದರು. "ಆ ಎಡಮೂಲಿಗೆ ಮುಟ್ಟವಲ್ದರಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕಡೆ ಬಾಗಲಾ ಗಟ್ಟಿ ಐತೇನ್ರಿ? ಸಣ್ಣ ಹುಡುಗ್ರು ಕೂಡ್ತಾರ," ಎಂದು ಕೇಳಿದರು.

ಸಾವ್ಕಾರರು ಹೊರಸಿನಿಂದ ಎದ್ದರು.

"ಇವರನ್ನ ಕೇಳ್ರಿ. ಇವರು ಸುಳ್ಳು ಹೇಳಂಗಿಲ್ಲ. ನಾ ಒಂದೀಟು ಎಲಿ ಹಾಕ್ಕೊಂಡು ಬರ್ತೇನಿ," ಎಂದು ಪಾನ್ ಅಂಗಡಿಯ ಕಡೆ ನಡೆದರು.

ಅವರ ಬೆನ್ನು ದೂರವಾಗುವವರೆಗೂ ನೋಡಿದೆ. ಆಮೇಲೆ ಆ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ್ದು, ಟ್ಯೂಬಿನ ತುಂಡು, ಚೊಳಚಗುಡ್ಡದ ತಗ್ಗು, ತಾಯಿಯ ಆಣೆ. ಹೊಸ ಚಿಲಕ ಹಾಕಿಸಿದ ಮೇಲೆ ಇಷ್ಟು ವರ್ಷ ಒಮ್ಮೆಯೂ ಅಲುಗಿಲ್ಲ ಎಂಬುದನ್ನೂ ಹೇಳಿದೆ. ಮಾಸ್ತರರು ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು.

ಸಾವ್ಕಾರರು ಮರಳಿ ಬಂದರು. ಬಾಯಲ್ಲಿ ಎಲೆ ಇರಲಿಲ್ಲ. ತುಟಿ ಎಂದಿನಂತೆ ಒಣಗಿ ಬೆಳ್ಳಗಿತ್ತು.

"ಎಲ್ಲಾ ಹೇಳಿದ್ರೇನು?" ಎಂದು ಮಾಸ್ತರರನ್ನು ಕೇಳಿದರು. ನನ್ನನ್ನಲ್ಲ.

"ಎಲ್ಲಾ ಹೇಳಿದ್ರರಿ."

"ಹಂಗಾರ ಮುಗೀತು." ಗಾಡಿಯ ಹಿಂದಿನ ಸೀಟಿನಿಂದ ದಡಿಗೆ ತೇಪೆ ಹಾಕಿದ ಆ ಹಳೆ ಸೀರೆಯನ್ನು ತೆಗೆದು ಮಾಸ್ತರರ ಕೈಗಿಟ್ಟರು. "ಇದು ಗಾಡಿ ಜೋಡಿನ ಇರೂದು. ಕಟ್ಟೂದು ಹೆಂಗಂತ ತೋರಸ್ತೇನಿ ಬರ್ರಿ."

ಅವರಿಗೆ ಮೊದಲಿನಿಂದಲೂ ಗೊತ್ತಿತ್ತೋ, ನಡುವೆ ಎಂದೋ ತಿಳಿಯಿತೋ, ನಾನು ಕೇಳಲಿಲ್ಲ. ಕೇಳಿದ್ದರೆ ನಾನೂ ಹೇಳಬೇಕಾಗುತ್ತಿತ್ತು. ಗುರುತಿಲ್ಲದ ಮಾಸ್ತರರಿಗೆ ಹೇಳಿದ ಮಾತನ್ನು ಅವರಿಗೆ ಮಾತ್ರ, ಅವರು ಇರುವವರೆಗೂ, ಹೇಳಲಿಲ್ಲ.

ಕಳೆದ ತಿಂಗಳು ಅವರ ಮಣ್ಣಿಗೆ ಹೋಗಿ ಬರುವಾಗ ಕಸ್ತೂರಿ ತನ್ನ ಕಾರಿನಲ್ಲಿ ನನ್ನನ್ನು ಊರಿಗೆ ಬಿಡಲು ಬಂದಳು. ಅವಳೀಗ ಎರಡು ಮಕ್ಕಳ ತಾಯಿ. "ಕಾಕಾ, ಮುಂದ ಬರ್ರಿ," ಎಂದಳು. ನಾನು ಹಿಂದೆ, ಎಡಮೂಲೆಯಲ್ಲಿ ಕುಳಿತೆ. ಹುನಗುಂದ ದಾಟಿತು. ಅಮೀನಗಡದಲ್ಲಿ ಅವಳು ಗಾಡಿ ನಿಲ್ಲಿಸಿ ಅಪ್ಪನ ನೆನಪಿಗೆಂದು ಕರದಂಟು ಕೊಂಡು ತಂದಳು. ಮತ್ತೆ ಹೊರಡುವ ಮೊದಲು ನಾನು, "ತಂಗಿ, ಸ್ವಲ್ಪ ತಡಿ," ಎಂದೆ. ಆ ಬಾಗಿಲಿನದು ನನಗೆ ಗೊತ್ತಿತ್ತು ಎಂದೆ. ನೀನು ಆ ಮೂಲೆಯಲ್ಲಿ ಕೂರುವಾಗಲೂ ಗೊತ್ತಿತ್ತು ಎಂದೆ.

ಅವಳು ತಿರುಗಿ ನೋಡಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಎದುರಿನ ರಸ್ತೆಯನ್ನೇ ನೋಡಿದಳು. ಆಮೇಲೆ ಎಡಗೈಯನ್ನು ನಿಧಾನವಾಗಿ ಹಿಂದಕ್ಕೆ ಚಾಚಿದಳು. ಮುಷ್ಟಿ ಮುಚ್ಚಿತ್ತು. ಅದರೊಳಗೆ ಕರದಂಟು ಇತ್ತೋ, ಅದು ನನ್ನ ಕಿವಿ ಹಿಂಡಲು ಬಂದ ಕೈಯೋ, ತಿಳಿಯಲಿಲ್ಲ. ಒಂದು ಗೇಣು ಕಡಿಮೆ ಬಿದ್ದು ಅದು ನಡುವೆಯೇ ನಿಂತಿತು.

ನಾನೇ ಮುಂದಕ್ಕೆ ಬಾಗಿದೆ.